ಸಿಗ್ಮಾದಿಂದ ಪತ್ರ ಬಂದಿದೆ, ಸೇರಲಾ?

ಪ್ರಶ್ನೆ (ಟೆಕ್ಸಾಸ್, ಬಿಎಸ್‌ಎನ್ ಅಂದರೆ ನರ್ಸಿಂಗ್ ಪದವಿ ವಿದ್ಯಾರ್ಥಿನಿ): ಸಿಗ್ಮಾ ಥೀಟಾ ಟೌ ಅಂತ ನರ್ಸಿಂಗ್‌ನವರ ಆನರ್ ಸೊಸೈಟಿ (ಗೌರವ ಸಂಘ) ಇದೆಯಲ್ಲ, ನಮ್ಮ ಕಾಲೇಜಿನ ಅದರ ಚಾಪ್ಟರ್‌ನಿಂದ, ಅಂದ್ರೆ ಶಾಖೆಯಿಂದ, ಆಹ್ವಾನ ಬಂದಿದೆ. ಫೀಸು ಕಟ್ಟಬೇಕು. ರೆಸ್ಯೂಮೆಯಲ್ಲಿ ಒಂದು ಸಾಲು ಸೇರುತ್ತೆ, ಅದು ಬಿಟ್ಟು ಏನಾದ್ರೂ ಉಪಯೋಗ ಇದೆಯಾ? ರಿಸರ್ಚ್ ಅಂದ್ರೆ ನನಗೆ ಕೈಕಾಲು ನಡುಗುತ್ತೆ. ಸೇರಿದ ಅಕ್ಕಂದಿರು ಹೇಳಿ.

ಐಸಿಯು ನರ್ಸ್, ಚಿಕಾಗೊ: ಸುಳ್ಳು ಯಾಕೆ ಹೇಳಲಿ, ನಾನು ಸೇರಿದ್ದು ಸದಸ್ಯರು ಎದೆಗೆ ಚುಚ್ಚಿಕೊಳ್ಳೋ ಪಿನ್ನಿನ ಆಸೆಗೆ. ಆಮೇಲೆ ನಮ್ಮ ವಾರ್ಡಿನ ಕಥೆ ಕೇಳು. ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಬೇಕು. ಚಾರ್ಟಿನಲ್ಲಿ ಎಲ್ಲ ಟಿಕ್ ಇರೋದು, ಬೆನ್ನಲ್ಲಿ ಮಾತ್ರ ಹುಣ್ಣು. ಚಾಪ್ಟರ್ ಮೀಟಿಂಗಿನಲ್ಲಿ ಹೀಗೇ ಗೊಣಗಿದೆ. ಪಕ್ಕದಲ್ಲಿದ್ದ ಮೇಡಂ "ಇದನ್ನೇ ಬರಿ" ಅಂದರು. ಇನ್ನೂರೈವತ್ತು ಪದದ ಸಾರಾಂಶ ನಾಲ್ಕು ಸಲ ಕೆಂಪು ಗೆರೆ ಹೊತ್ತು ವಾಪಸ್ ಬಂತು. ಕೊನೆಗೆ ಚಾಪ್ಟರಿನ ರಿಸರ್ಚ್ ಡೇಗೆ ಪೋಸ್ಟರ್ ಹಿಡಿದು ನಿಂತೆ. ಅಕ್ಷರ ಎಷ್ಟು ಚಿಕ್ಕದು ಅಂದ್ರೆ, ಹಿರಿಯ ಪ್ರೊಫೆಸರ್ ಒಬ್ಬರು ಕನ್ನಡಕ ಹಣೆಗೇರಿಸಿ ಮೂಗು ತಾಗೋ ಹಾಗೆ ಬಗ್ಗಿ ಓದಿದರು. ಓದಿ ಕೇಳಿದ್ದು ಒಂದೇ: "ರಾತ್ರಿ ಪಾಳಿಯಲ್ಲಿ ಎಷ್ಟು ಜನ ನರ್ಸ್ ಇರ್ತಿದ್ದರು?" ನಾನು ಎಣಿಸಿಯೇ ಇರಲಿಲ್ಲ! ಮುಂದಿನ ವರ್ಷವಿಡೀ ಅದನ್ನೇ ಎಣಿಸಿದೆ. ಹಾಗೆ ಕೇಳುವವರು ಸಿಗ್ತಾರಲ್ಲ, ಫೀಸು ಅದಕ್ಕೇ ಅಂದುಕೋ.

ನರ್ಸಿಂಗ್ ಅಧ್ಯಾಪಕಿ, ಒಹಾಯೊ: ಪತ್ರ ಬಂದಿದೆ ಅಂದ್ರೆ ಅರ್ಧ ಕೋರ್ಸ್ ಮುಗಿಸಿ, ತರಗತಿಯ ಮೇಲಿನ ಶೇ. 35ರೊಳಗೆ ಇದ್ದೀಯ ಅಂತ. ಓದೋ ಹುಡುಗಿಗೆ ಭಯ ಯಾಕಮ್ಮ? 1922ರಲ್ಲಿ ಈ ಸಂಘ ಕಟ್ಟಿದವರೂ ಇಂಡಿಯಾನಾದ ಆರು ಜನ ವಿದ್ಯಾರ್ಥಿನಿಯರೇ. 1936ರಲ್ಲೇ ನರ್ಸಿಂಗ್ ಸಂಶೋಧನೆಗೆ ದುಡ್ಡು ಕೊಟ್ಟರು. ಅಮೆರಿಕ ಸರ್ಕಾರ ತನ್ನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ನರ್ಸಿಂಗ್ ಸಂಶೋಧನೆಗೇ ಒಂದು ಕೇಂದ್ರ ಮಾಡಿದ್ದು 1986ಕ್ಕೆ, ಐವತ್ತು ವರ್ಷ ತಡವಾಗಿ.

ನಮ್ಮಂಥ ಅಧ್ಯಾಪಕರಿಗೆ ಇವರ ಸಣ್ಣ ಗ್ರಾಂಟ್ (ಸಂಶೋಧನೆಗೆ ಕೊಡೋ ದುಡ್ಡು) ಬೀಜದ ಭತ್ತ ಇದ್ದ ಹಾಗೆ. ದೊಡ್ಡ ಗ್ರಾಂಟಿಗೆ ಅರ್ಜಿ ಹಾಕಿದರೆ "ಪೈಲಟ್ ಡೇಟಾ ಎಲ್ಲಿ?" ಅಂತಾರೆ, ಅಂದ್ರೆ ಮೊದಲು ಸಣ್ಣದಾಗಿ ಮಾಡಿ ನೋಡಿದ ಅಧ್ಯಯನದ ಅಂಕಿಅಂಶ. ಆ ಡೇಟಾ ಹುಟ್ಟೋದು ಈ ಚಿಲ್ಲರೆ ದುಡ್ಡಿನಲ್ಲಿ. ನನ್ನ ಪೈಲಟ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು ಡೇಟಾ ಎಂಟ್ರಿ ಮಾಡಿದರು, ಪೇಪರಿನಲ್ಲಿ ಅವರ ಹೆಸರೂ ಬಂತು.

ಹುಬ್ಬಳ್ಳಿ ಕಡೆಯವ, ಈಗ ಫ್ಲಾರಿಡಾ: ಎಲ್ಲಾ ಚಾಪ್ಟರ್ ಹಂಗ ಇರಂಗಿಲ್ಲ ನೋಡವ್ವಾ. ನಮ್ಮಲ್ಲಿ ಮೇಣಬತ್ತಿ ಹಚ್ಚಿದ್ರು, ಕೊರಳಿಗೆ ಹುರಿ ಹಾಕಿದ್ರು, ಫೋಟೊ ತಗದ್ರು, ಮುಗೀತು. ಮುಂದ ಬಂದಿದ್ದು ರಿನ್ಯೂವಲ್ ಮೇಲ್ ಅಷ್ಟ. ರೊಕ್ಕ ಕಟ್ಟೂಕಿಂತ ಮೊದಲ ಕೇಳು: ಹೋದ ವರ್ಷ ಎಷ್ಟು ಮೀಟಿಂಗ್ ಆದ್ವು, ವಿದ್ಯಾರ್ಥಿಗಳಿಗೆ ಏನರ ಅವಾರ್ಡ್ ಕೊಟ್ರೇನು? ಇನ್ನೊಂದು, ಆನರ್ ಸೊಸೈಟಿ ಅಂತ ಯಾರ‍್ಯಾರೋ ಮೇಲ್ ಕಳಸ್ತಾರ. ನಿಮ್ಮ ಕಾಲೇಜಿನ ಚಾಪ್ಟರ್‌ದ್ದ ಹೌದಿಲ್ಲೋ ಅಂತ ಚಾಪ್ಟರ್ ನೋಡ್ಕೊಳ್ಳೂ ಅಧ್ಯಾಪಕರು, ಅಂದ್ರ ಫ್ಯಾಕಲ್ಟಿ ಕೌನ್ಸೆಲರ್ ಹತ್ರ ಖಾತ್ರಿ ಮಾಡ್ಕೊ.

ಎಂಎಸ್ಸಿ ನರ್ಸಿಂಗ್, ಬೆಂಗಳೂರು: ನಾನು ಸದಸ್ಯೆ ಅಲ್ಲ. ಆದರೂ ಡಿಸರ್ಟೇಶನ್ ಬರೆಯುವಾಗ ಸಿಗ್ಮಾದವರ ಆನ್‌ಲೈನ್ ಭಂಡಾರ ಬಹಳ ಉಪಯೋಗಕ್ಕೆ ಬಂತು. ಪೋಸ್ಟರು, ಸಮ್ಮೇಳನದ ಪ್ರಬಂಧ, ಥೀಸಿಸ್ಸು ಅಲ್ಲಿ ಬಿಟ್ಟಿಯಾಗಿ ಓದಬಹುದು. ನಮ್ಮಲ್ಲಿ ಡಿಸರ್ಟೇಶನ್ ಬೈಂಡ್ ಆಗಿ ಲೈಬ್ರರಿ ಬೀರು ಸೇರಿದರೆ ಮತ್ತೆ ಹೊರಗೆ ಬರೋದು ಧೂಳು ಹೊಡೆಯೋವಾಗ. ಭಯ ಹೋಗಬೇಕಾದರೆ ಮೊದಲು ಅಲ್ಲಿ ಬೇರೆ ವಿದ್ಯಾರ್ಥಿಗಳ ಹತ್ತು ಪೋಸ್ಟರ್ ನೋಡಿ. ಕೆಲವು ನೋಡಿದರೆ ಧೈರ್ಯ ತಾನಾಗೇ ಬರುತ್ತೆ :)

ಕೇಳಿದವಳು: ಥ್ಯಾಂಕ್ಸ್ ಎಲ್ಲರಿಗೂ. ನಮ್ಮ ಕ್ಲಿನಿಕಲ್ ವಾರ್ಡಲ್ಲಿ ಐವಿ ಪಂಪಿನ (ರಕ್ತನಾಳಕ್ಕೆ ಔಷಧಿ ಹನಿಸೋ ಯಂತ್ರದ) ಅಲಾರಂ ಯಾರೂ ಎದ್ದು ನೋಡಲ್ಲ. ನಾಳೆಯಿಂದ ಎಷ್ಟು ಸಲ ಹೊಡೆಯುತ್ತೆ ಅಂತ ಬರೆದಿಡಲಾ?

ಐಸಿಯು ನರ್ಸ್, ಚಿಕಾಗೊ: ತಡಿ ತಡಿ. ಮೊದಲು ನಿಮ್ಮ ಮೇಡಂಗೆ ಹೇಳಿ ಐಆರ್‌ಬಿಗೆ, ಅಂದ್ರೆ ಸಂಶೋಧನೆಯ ನೀತಿ ನೋಡೋ ಸಮಿತಿಗೆ ಬರಿ. ಅದು ರಿಸರ್ಚಾ, ಬರೀ ವಾರ್ಡಿನ ಗುಣಮಟ್ಟ ಸುಧಾರಣೆಯಾ ಅಂತ ಅವರೇ ಲಿಖಿತವಾಗಿ ಹೇಳಬೇಕು. ಆ ಕಾಗದ ಇಲ್ಲದೆ ಎಣಿಸಿದ್ದನ್ನು ಆಮೇಲೆ ಛಾಪಿಸೋದು ಕಷ್ಟ.