ಸಮಸ್ಯೆ: ‘ಹೂವು ಬಿಟ್ಟುದೆ ಕಾಡು ಬರಡಾಗಿರುವ ಕುರುಹಾಯ್ತು’

ಮಂಜೇಶ್ವರ: ಈ ಸಲದ ಸಮಸ್ಯೆ ಭಾಮಿನಿ ಷಟ್ಪದಿಯ ಆರನೆಯ ಸಾಲು; ಮೊದಲಿನ ಐದು ಸಾಲು ಕಟ್ಟಿ, ತೊಡಕು ಬಿಡಿಸಿ, ಪದ್ಯ ಪೂರ್ತಿ ಮಾಡುವುದು ನಿಮ್ಮ ಕೆಲಸ. ಇಲ್ಲಿ ಎಲ್ಲರಿಗೂ ಅವರವರ ಊರೇ ಹೆಸರು. ಋತು ಹೇಮಂತ, ಅದೂ ನಮ್ಮ ಕಾಸರಗೋಡಿನ ಕಡೆಯದ್ದು. ಭಾವ ಬರಡುತನ. 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ರಲ್ಲಿ 3+4+3+4+3+4, ಮೇಲೊಂದು ಗುರು. ಕೊನೆಯ ‘ತು’ ಲಘುವಾದರೂ ಪಾದಾಂತವಾದ್ದರಿಂದ ಗುರುವೆಂದೇ ಲೆಕ್ಕ. ‘ಹೂವು’ ಇರುವುದರಿಂದ ಆರೂ ಸಾಲಿಗೆ ಮೊದಲು ದೀರ್ಘ, ಎರಡನೆಯದು ವಕಾರ; ಅಂದರೆ ಗಜಪ್ರಾಸ. ತೊಡಕು ನಿಮಗೆ ಕಾಣುತ್ತಲೇ ಇದೆ: ಹೂ ಬಿಟ್ಟರೆ ಕಾಡು ಬರಡು ಹೇಗೆ?

ಬದಿಯಡ್ಕ:
ನೋವು ತುಂಬಿದ ಹಿಮದ ಬೆಟ್ಟವು
ಬಾವಿ ಬತ್ತಿದೆ ದುಃಖವುಕ್ಕಿದೆ
ಜೀವ ನಡುಗಿದೆ ಚಳಿಗೆ ಹಕ್ಕಿಯ ಹಾಡು ನಿಂತಿಹುದು
ಸಾವು ಸುಳಿದಿದೆ ಎಲ್ಲ ಕಡೆಯಲು
ಕಾಡಿನೊಳು ಎಲೆಯಿಲ್ಲ ಹಸಿರಿಲ್ಲ
ಹೂವು ಬಿಟ್ಟುದೆ ಕಾಡು ಬರಡಾಗಿರುವ ಕುರುಹಾಯ್ತು

ಕುಂಬಳೆ: ಬದಿಯಡ್ಕ ಭಾವಯ್ಯ, ಐದನೇ ಸಾಲಿನಲ್ಲಿ ಪ್ರಾಸ ಜಾರಿ ‘ಡ’ ಬಂತು. ‘ಹಸಿರಿಲ್ಲ’ ಐದು ಮಾತ್ರೆ, ಹಾಗಾಗಿ ಸಾಲು 15ಕ್ಕೆ ಹೋಯಿತು. 1911ರಲ್ಲಿ ಪ್ರಾಸ ಬಿಟ್ಟ ಗೋವಿಂದ ಪೈಗಳ ಊರಿನವರು ಕೊಟ್ಟ ಸಮಸ್ಯೆಗೆ ಪ್ರಾಸದ ತಗಾದೆ ತೆಗೆಯುವುದು ತಮಾಷೆಯೇ, ಆದರೆ ನಿಯಮ ನಿಯಮ.

ಛಂದಸ್ಸನ್ನು ತಿದ್ದಬಹುದು. ಭಾವದ ತಪ್ಪು ಅದಕ್ಕಿಂತ ದೊಡ್ಡದು. ನೋವು, ದುಃಖ, ಸಾವು ಎಂದು ಹೆಸರು ಹೇಳಿಬಿಟ್ಟಿರಿ. ಆಲಂಕಾರಿಕರು ಇದನ್ನೇ ಸ್ವಶಬ್ದವಾಚ್ಯ ಎಂಬ ರಸದೋಷವೆಂದರು. ಹೆಸರು ಕೇಳಿದ ಮೇಲೆ ಓದುಗನಿಗೆ ಕಾಣಲು ಏನೂ ಉಳಿಯುವುದಿಲ್ಲ, ವಿಭಾವಗಳು, ಅಂದರೆ ಭಾವವನ್ನು ಎಬ್ಬಿಸುವ ವಸ್ತು ಸನ್ನಿವೇಶಗಳು, ಮಾತಾಡಬೇಕು. ಇನ್ನು ‘ಹಿಮದ ಬೆಟ್ಟ’ ನಮ್ಮಲ್ಲಿ ಎಲ್ಲಿ? ಇಲ್ಲಿನ ಹೇಮಂತವೆಂದರೆ ಬೆಳಗಿನ ಇಬ್ಬನಿ, ಹೊತ್ತೇರಿದರೆ ಬಿಸಿಲು, ಪಾರೆಯ (ಹಾಸುಬಂಡೆಯ) ಮೇಲೆ ಒಣಗಿದ ಮುಳಿಹುಲ್ಲು. ಹಿಮ ಬಿದ್ದು ತಾವರೆ ಸುಟ್ಟಿತೆಂಬ ಕವಿಸಮಯ (ಕವಿಗಳ ರೂಢಿಯ ಕಲ್ಪನೆ) ಬೇಕಾದರೆ ಪದ್ಯವಿಡೀ ಆ ದಾರಿಯಲ್ಲೇ ಹೋಗಬೇಕು, ಅರ್ಧ ಅದು ಅರ್ಧ ಇದು ಆಗದು. ಬಾವಿ ಬತ್ತುವುದು ಬೇಸಿಗೆಯಲ್ಲಿ, ಪುಷ್ಯದಲ್ಲಿ ನೀರಿರುತ್ತದೆ. ‘ಹಕ್ಕಿಯ ಹಾಡು’ ಅಂದರೆ ಯಾವ ಹಕ್ಕಿ? ಕೋಗಿಲೆ ಈಗ ಸುಮ್ಮನಿರುತ್ತದೆ, ಅದು ಸರಿ. ಆದರೆ ಹೊನ್ನಕ್ಕಿ, ಸಿಪಿಲೆಗಳು ಬಡಗಿನಿಂದ ಬಂದು ಇಲ್ಲಿರುವ ಕಾಲವೂ ಇದೇ. ಹೆಸರಿಲ್ಲದ ಹಕ್ಕಿಯ ಮೌನ ಯಾರ ಕಿವಿಗೂ ತಾಗುವುದಿಲ್ಲ.

ಮುಳ್ಳೇರಿಯ:
ಮೇವು ಮುಗಿದಿದೆ ಪಾರೆಯಂಚಲಿ
ಗೋವು ನೆಕ್ಕಿದೆ ಬರಿಯ ಕಲ್ಲನು
ಹಾವು ಕಳಚಿದ ಪೊರೆಯು ಮುಳಿಯಲಿ ಗಾಳಿಗಲುಗುವುದು
ಕಾವು ಕಾಣದ ಗೂಡಿನಡಿಯಲಿ
ಯಾವ ನೆರಳೂ ಇಲ್ಲ ಬೂರುಗ
ಹೂವು ಬಿಟ್ಟುದೆ ಕಾಡು ಬರಡಾಗಿರುವ ಕುರುಹಾಯ್ತು

ಕುಂಬಳೆ: ಬಿಡಿಸಿದ್ದೀರಿ ಅಕ್ಕ! ಬೂರುಗ ಎಲೆಯೆಲ್ಲ ಉದುರಿಸಿದ ಮೇಲೆಯೇ ಹೂ ಬಿಡುವ ಮರ. ಕೆಂಪು ಕಂಡಿತೆಂದರೆ ಹಸಿರು ಹೋಯಿತೆಂದೇ ಅರ್ಥ. ಐದನೇ ಸಾಲಿನ ಕೊನೆಗೆ ‘ಬೂರುಗ’ ಇಟ್ಟು ಅದನ್ನು ‘ಹೂವು’ ಎಂಬುದಕ್ಕೆ ಹೊಂದಿಸಿದ್ದು ಜಾಣತನ. ‘ನೆರಳೂ ಇಲ್ಲ’ ವಿಸಂಧಿ, ಸಂಧಿ ಮಾಡದೆ ಬಿಟ್ಟದ್ದು. ಆದರೂ ತೆಗೆಯಬೇಡಿ. ನಿಮ್ಮ ಐದು ಸಾಲುಗಳ ನಾಲ್ಕು ಮಾತ್ರೆಯ ಗಣಗಳೆಲ್ಲ ಲಘುವಿನಲ್ಲಿ ಮುಗಿಯುತ್ತವೆ, ‘ನೆರಳೂ’ ಒಂದೇ ಗುರುವಿನಲ್ಲಿ ನಿಲ್ಲುತ್ತದೆ. ಸಮಸ್ಯೆಯ ‘ಬರಡಾ’, ‘ಕುರುಹಾಯ್’ ಕೂಡ ಅದೇ ನಡೆ. ಕಾವ್ಯ ಹಾಡುವ ಗಮಕಿಗಳಿಗೆ ಅಲ್ಲಿ ಉಸಿರು ಎಳೆಯಲು ಜಾಗ ಸಿಗುತ್ತದೆ.

ಮಂಜೇಶ್ವರ: ಒಂದು ತಕರಾರು. ಹೂಬಿಟ್ಟ ಬೂರುಗವೆಂದರೆ ಮೈನಾ, ಕಾಗೆ, ಪಿಕಳಾರಗಳ ಸಂತೆ. ಆ ಗದ್ದಲದಲ್ಲಿ ಬರಡುತನ ಎಲ್ಲಿ ಉಳಿಯುತ್ತದೆ?

ಮುಳ್ಳೇರಿಯ: ಗೊತ್ತಿದ್ದೇ ಬಿಟ್ಟದ್ದು ಮಾಷ್ಟ್ರೇ. ಒಂದು ಮೈನಾ ಬಂದು ಕೂತರೂ ಸಾಕು, ಪದ್ಯ ವಸಂತದ ಕಡೆಗೆ ವಾಲುತ್ತದೆ. ಋತುವಿನಲ್ಲಿ ಇರುವುದನ್ನೆಲ್ಲ ತುಂಬಿಸಿದರೆ ಪಟ್ಟಿಯಾಗುತ್ತದೆ. ಭಾವಕ್ಕೆ ಒಪ್ಪದ್ದು ನಿಜವಾದರೂ ಹೊರಗಿರಬೇಕು. ಪೊರೆ, ಗೂಡು, ಕಲ್ಲು ಮೂರರಲ್ಲೂ ಜೀವ ಇದ್ದು ಹೋದ ಗುರುತು ಮಾತ್ರ ಇದೆ, ಅದಕ್ಕೇ ಆರಿಸಿದ್ದು.

ಪೆರ್ಲ: ಬಿದಿರು ತರಬಹುದಲ್ಲ? ದಶಕಗಳಿಗೊಮ್ಮೆ ಹೂ ಬಿಟ್ಟು ಮೆಳೆಯೇ ಸಾಯುತ್ತದೆ.

ಕುಂಬಳೆ: ತನ್ನಿ. ಆದರೆ ಆಗ ಸತ್ತದ್ದು ಬಿದಿರು ಮಾತ್ರ. ಕಾಡಿಡೀ ಬರಡೆಂದು ಒಪ್ಪಿಸಲು ಇನ್ನೊಂದು ಕಾರಣ ಬೇಕು.

ಪೆರ್ಲ: ಹಾಗಾದರೆ ಇದು:
ಬಾವಿ ಬಾಯಿಗೆ ಹಲಗೆ ಮುಚ್ಚಿದೆ
ಜೀವ ಮಿಡುಕದು ತೋಡ ನೀರಲಿ
ತೀವಿ ಬಂದಿದೆ ಗೇರುಗುಡ್ಡಕೆ ಮಂಜು, ಮಂಜಲ್ಲ
ಆವ ಜೇನೂ ಬಳಿಗೆ ಸುಳಿಯದು
ಠಾವು ಠಾವಲಿ ಕೊಂಬೆ ಕೊಂಬೆಗು
ಹೂವು ಬಿಟ್ಟುದೆ ಕಾಡು ಬರಡಾಗಿರುವ ಕುರುಹಾಯ್ತು

ಬದಿಯಡ್ಕ: ‘ಮಂಜು, ಮಂಜಲ್ಲ’ ಅಪಹ್ನುತಿ ಅಲಂಕಾರವೇ?

ಕುಂಬಳೆ: ಅಲ್ಲ. ಅಪಹ್ನುತಿಯಲ್ಲಿ ನಿಜವಾದದ್ದನ್ನೇ ಅಲ್ಲಗಳೆದು ಇನ್ನೊಂದನ್ನು ಸ್ಥಾಪಿಸುವುದು. ಇಲ್ಲಿ ಅಲ್ಲಗಳೆದದ್ದು ಕಣ್ಣಿಗೆ ತೋರಿದ ಮಂಜನ್ನು. ನಿಜವನ್ನು ಹೇಳಿಯೇ ಇಲ್ಲ. ಹೇಳುವ ಅಗತ್ಯವೂ ಇಲ್ಲ. ಗೇರಿಗೆ ಬೀಳುವ ಟೀ ಸೊಳ್ಳೆಯೆಂಬ ಕೀಟ ಕೊಲ್ಲಲೆಂದು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೂ ನಡೆದಿತ್ತು. ಗೇರು ಹೂ ಬಿಡುವುದೂ ಇದೇ ಚಳಿಗಾಲದಲ್ಲಿ. ನಮ್ಮ ಜಿಲ್ಲೆಯ ಓದುಗನಿಗೆ, ವಿಷ ಬೀಳದಂತೆ ಹಲಗೆ ಮುಚ್ಚಿದ ಬಾವಿ ಸಾಕು. ಹೊರಗಿನವರಿಗಾಗಿ ಪದ್ಯದ ಮೇಲೊಂದು ಸಾಲಿನ ಸಂದರ್ಭ ಬರೆಯಿರಿ. ಔಷಧದ ಹೆಸರನ್ನು ಪದ್ಯದೊಳಗೆ ತುರುಕಬೇಡಿ, ಮೂರನೇ ಸಾಲು ಸತ್ತೇಹೋಗುತ್ತದೆ.

ಮಂಜೇಶ್ವರ: ನನ್ನ ಮತ ಪೆರ್ಲದ್ದಕ್ಕೆ. ಶಬ್ದದ ಹದ ಮುಳ್ಳೇರಿಯದ್ದೇ ಮೇಲು. ಬದಿಯಡ್ಕದವರು ಐದನೇ ಸಾಲನ್ನಷ್ಟೇ ತಿದ್ದಿ ಕಳಿಸಿದರೆ ಸಾಲದು, ನೋವು, ದುಃಖ, ಸಾವು ಮೂರನ್ನೂ ತೆಗೆದು ಹೊಸದಾಗಿ ಕಟ್ಟಿ ಕಳಿಸಿ.