ಸಹಾಯ ಬೇಕು: ಅಜ್ಜಿಯ ಪ್ರಶ್ನೆಗೆ ಏನು ಹೇಳಲಿ?

ಎಲ್ಲರಿಗೂ ವಂದನೆ. ಹೋದ ವಾರ ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸಲ್ಲಿ ಬರ್ತಿದ್ದೆ. ಜೋರು ಮಳೆ. ಪಕ್ಕದಲ್ಲಿ ಒಬ್ಬರು ಕೊಡವ ಅಜ್ಜಿ ಕೂತಿದ್ದರು, ಗುರುತಿಲ್ಲದವರು. ನನ್ನ ಕೈಲಿದ್ದ ಬೈಬಲ್ ನೋಡಿ, "ಅದರಲ್ಲಿ ಏನಿದೆ ಮಗಳೇ?" ಅಂತ ಅವರೇ ಕೇಳಿದರು. ಯೋಹಾನ 3:16 ಓದಿ ಹೇಳಿದೆ. ಯೇಸು ನಮ್ಮ ಪಾಪಕ್ಕಾಗಿ ಸತ್ತು ಎದ್ದರು, ನಂಬಿದವರಿಗೆ ರಕ್ಷಣೆ ಉಚಿತ ಅಂದೆ. ತುಂಬಾ ಗಮನವಿಟ್ಟು ಕೇಳಿದರು.

ಮೂರ್ನಾಡು ದಾಟಿದ ಮೇಲೆ ಮೆಲ್ಲಗೆ ಕೇಳಿದರು: "ನಮ್ಮ ಕೈಮಡದಲ್ಲಿ (ಮನೆತನದ ಹಿರಿಯರ ಗುಡಿ) ಗುರು ಕಾರೋಣರಿಗೆ (ಮನೆತನದ ಮೂಲ ಹಿರಿಯರಿಗೆ) ದೀಪ ಇಡ್ತೇವೆ. ಅವರು ಯೇಸುವಿನ ಹೆಸರೇ ಕೇಳದೆ ಹೋದರಲ್ಲ, ಅವರ ಗತಿ ಏನು?"

ನನಗೆ ಮಾತೇ ಹೊರಡಲಿಲ್ಲ. ಅದು ವಾದಕ್ಕೆ ಕೇಳಿದ ಪ್ರಶ್ನೆ ಅಲ್ಲ, ತನ್ನವರ ಮೇಲಿನ ಪ್ರೀತಿ. ಸುಮ್ನೆ ಏನೋ ಹೇಳಿ ನೋಯಿಸೋಕೆ ಮನಸ್ಸಾಗಲಿಲ್ಲ.

ಮನೆಗೆ ಬಂದು ಓದಿದೆ. ಯೋಹಾನ 14:6ರಲ್ಲಿ ಯೇಸುವಿನ ಮೂಲಕವೇ ತಂದೆಯ ಬಳಿಗೆ ಬರಬೇಕು ಅಂತಿದೆ. ರೋಮಾಪುರ 2:14-15ರಲ್ಲಿ ದೇವರು ಯೆಹೂದ್ಯರಿಗೆ ಕೊಟ್ಟ ಧರ್ಮಶಾಸ್ತ್ರ ಸಿಗದವರ ಹೃದಯದಲ್ಲೂ ಅದರ ಬರಹ ಇದೆ ಅಂತಿದೆ. ನಮ್ಮ ಪಾಸ್ಟರನ್ನು ಕೇಳಿದೆ. "ದೇವರು ನ್ಯಾಯವಂತ, ಆತನಿಗೆ ಬಿಡು" ಅಂದರು. ನನಗೆ ಅದು ಸಾಕು. ಆದರೆ ಅಜ್ಜಿಗೆ ಅದು ಜಾರಿಕೊಂಡ ಹಾಗೆ ಕೇಳಿಸುತ್ತೆ, ಅಲ್ವಾ?

ಅದೇ ಬಸ್ಸಲ್ಲಿ ಮತ್ತೆ ಸಿಗ್ತೀನಿ ಅಂದಿದ್ದಾರೆ. ಹಿರಿಯರ ಬಗ್ಗೆ ಇಂಥ ಪ್ರಶ್ನೆ ಎದುರಿಸಿದವರು ದಯವಿಟ್ಟು ತಿಳಿಸಿ: ಸುಳ್ಳು ಸಮಾಧಾನ ಹೇಳದೆ, ಅವರ ಕಾರೋಣರನ್ನು ಕೀಳು ಮಾಡದೆ, ನೀವು ಯಾವ ಮಾತಲ್ಲಿ ಉತ್ತರ ಕೊಟ್ಟಿರಿ?