ಟೈಗರ್ ಮಾತ್‌ನ ಮೇಲಿನ ರೆಕ್ಕೆ ವಾಲುತ್ತದೆ, ಜಿಗ್ ಕೊಳ್ಳಬೇಕಾ?

ಜಕ್ಕೂರು ಬೇಲಿ:
ಎಲ್ಲರಿಗೂ ನಮಸ್ಕಾರ. ಏರ್‌ಫಿಕ್ಸ್‌ನ 1/72 (ನಿಜದ 72ರಲ್ಲಿ ಒಂದು ಪಾಲು ಅಳತೆಯ) ಟೈಗರ್ ಮಾತ್ ಕಟ್ಟುತ್ತಿದ್ದೇನೆ, ಒಂದರ ಮೇಲೊಂದು ರೆಕ್ಕೆ ಇರುವ ಹಳೆಯ ವಿಮಾನದ (ಬೈಪ್ಲೇನ್) ಪ್ಲಾಸ್ಟಿಕ್ ಮಾದರಿ. ಇದು ಎರಡನೆಯದು. ಮೊದಲನೆಯದು ಷೋಕೇಸಿನಲ್ಲಿದೆ, ಎದುರಿನಿಂದ ನೋಡಿದರೆ ಟೋಪಿ ಓರೆಯಾಗಿ ಇಟ್ಟುಕೊಂಡ ಹಾಗಿದೆ. ಅಳೆದು ನೋಡಿದೆ. ಮೇಲಿನ ರೆಕ್ಕೆಯ ಎಡ ತುದಿ ಬಲಕ್ಕಿಂತ 3 ಮಿ.ಮೀ. ಕೆಳಗಿದೆ.

ಅದನ್ನು ಅಂಟಿಸುವಾಗ ಒಂದು ಕೈಯಲ್ಲಿ ವಿಮಾನ, ಇನ್ನೊಂದರಲ್ಲಿ ರೆಕ್ಕೆ, ಬಾಯಲ್ಲಿ ಚಿಮುಟ ಇತ್ತು. ಮಗಳನ್ನು ಕರೆದು ಸ್ವಲ್ಪ ಹಿಡಿದುಕೋ ಅಂದೆ. ಪಾಪ, ಸರಿಯಾಗಿ ಅದೇ ಹೊತ್ತಿಗೆ ಅವಳಿಗೆ ಸೀನು ಬಂತು.

ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಜಿಗ್ (ಅಂಟು ಒಣಗುವ ತನಕ ವಿಮಾನವನ್ನು ನೆಟ್ಟಗೆ ಹಿಡಿಯುವ ಚೌಕಟ್ಟು) ಸಿಗುತ್ತದೆ, ಆದರೆ ಅದರ ಬೆಲೆ ಕಿಟ್‌ನ ಮೂರು ಪಟ್ಟು. ಥರ್ಮಾಕೋಲ್‌ನಲ್ಲಿ ನಾನೇ ಮಾಡಿಕೊಂಡರೆ ಆಗುತ್ತಾ?

ಪ್ಲಾಸ್ಟಿಕ್ ಪುಟ್ಟ:
ಮನೇಲಿ ಲೆಗೊ ಇದೆಯಾ? ಎರಡು ಗೋಡೆ ಕಟ್ಟಿ ನಡುವೆ ವಿಮಾನ ಕೂರಿಸಿ. ಎಲ್ಲಾ ಮೂಲೆ ತಾನಾಗೇ 90 ಡಿಗ್ರಿ. ನಾನು ಇಷ್ಟರಲ್ಲೇ ಮೂರು ಬೈಪ್ಲೇನ್ ಮುಗಿಸಿದ್ದೇನೆ.

ಹಳೇ ಫಿಟ್ಟರ್:
ಥರ್ಮಾಕೋಲ್ ಬೇಡವೇ ಬೇಡ! ಕಿಟ್ ಪ್ಲಾಸ್ಟಿಕ್ ಕೂಡ ಪಾಲಿಸ್ಟೈರೀನ್, ಥರ್ಮಾಕೋಲ್ ಕೂಡ ಅದೇ. ಕಿಟ್ ಅಂಟಿಸುವ ಸಿಮೆಂಟ್ ತೊಟ್ಟು ಬಿದ್ದರೆ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ಸನ್‌ಬೋರ್ಡ್ (ಗಟ್ಟಿ ಫೋಮ್ ಹಾಳೆ) ತನ್ನಿ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ.

ನಾನು ಮೂವತ್ತು ವರ್ಷ ಟೂಲ್ ರೂಮಿನಲ್ಲಿದ್ದವನು. ಅಲ್ಲಿ ಉಪಕರಣಕ್ಕೆ ದಾರಿ ತೋರಿಸುವುದು ಜಿಗ್, ಕೆಲಸದ ತುಂಡನ್ನು ಹಿಡಿದುಕೊಳ್ಳುವುದು ಫಿಕ್ಸ್ಚರ್. ನೀವು ಕೇಳುತ್ತಿರುವುದು ಫಿಕ್ಸ್ಚರ್. ಇರಲಿ, ಎಲ್ಲರೂ ಜಿಗ್ ಅಂತಾರೆ, ನಾನೂ ಅನ್ನುತ್ತೇನೆ.

ಮೊದಲು ಒಂದು ಗಾಜು ಬೇಕು. ಹಳೆಯ ಫೋಟೋ ಫ್ರೇಮಿನದು ಸಾಕು. ಮರದ ಹಲಗೆ ಬಾಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗಾಜಿನ ಕೆಳಗೆ ಗ್ರಾಫ್ ಹಾಳೆ ಇಟ್ಟು ನಡುಗೆರೆ ಎಳೆಯಿರಿ. ಆಮೇಲೆ ಮೆತ್ತನೆಯ ಬೆಸುಗೆ ತಂತಿಯನ್ನು (ಸೋಲ್ಡರ್) ವಿಮಾನದ ಹೊಟ್ಟೆಗೆ ಒತ್ತಿ ಬಗ್ಗಿಸಿ, ಅದೇ ಆಕಾರ ಬರುತ್ತದೆ. ಅದನ್ನು ಸನ್‌ಬೋರ್ಡಿನ ಮೇಲಿಟ್ಟು ಗೀಚಿ, ಕತ್ತರಿಸಿ. ಕಾಕ್‌ಪಿಟ್ ಕೆಳಗೊಂದು, ಬಾಲದ ಹತ್ತಿರ ಒಂದು, ಹೀಗೆ ಎರಡು ತೊಟ್ಟಿಲು. ಒಳಗೆ ಕನ್ನಡಕ ಒರೆಸುವ ಬಟ್ಟೆ ಅಂಟಿಸಿದರೆ ಬಣ್ಣ ತರಚುವುದಿಲ್ಲ.

ಇಲ್ಲಿ ಒಂದು ಮಾತು. ಟೈಗರ್ ಮಾತ್‌ನ ಎರಡು ರೆಕ್ಕೆಗಳು ಒಂದೇ ಕೋನದಲ್ಲಿ ಮೇಲಕ್ಕೆದ್ದಿಲ್ಲ. ಮೇಲಿನದು ಎರಡೂಮುಕ್ಕಾಲು ಡಿಗ್ರಿ, ಕೆಳಗಿನದು ನಾಲ್ಕೂವರೆ. ಮುಂದಿನ ಸೀಟಿನವನು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲು ಜಾಗ ಇರಲಿ ಅಂತ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ತೂಕದ ಲೆಕ್ಕ ತಪ್ಪಬಾರದಲ್ವಾ, ಅದಕ್ಕೆ ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ಆಗ ಕೆಳಗಿನ ರೆಕ್ಕೆಯ ತುದಿ ನೆಲಕ್ಕೆ ತೀರಾ ಹತ್ತಿರ ಬಂತು, ಅದನ್ನು ಎತ್ತಬೇಕಾಯಿತು. ಎಲ್ಲವನ್ನೂ ಮಟ್ಟವಾಗಿ ಹಿಡಿಯುವ ಜಿಗ್ ಮಾಡಿದರೆ ವಿಮಾನ ನೇರವಾಗಿರುತ್ತದೆ, ಆದರೆ ಟೈಗರ್ ಮಾತ್ ಆಗಿರುವುದಿಲ್ಲ. (ಪುಟ್ಟ ಅವರೇ, ನಿಮ್ಮ ಲೆಗೊ ಗೋಡೆಗಳು ನೆಟ್ಟಗಿರುತ್ತವೆ ನಿಜ. ಆದರೆ ಈ ಕೋನ ಅವಕ್ಕೆ ಗೊತ್ತಿಲ್ಲ.)

ಲೆಕ್ಕ ಸುಲಭ. ಕೆಳಗಿನ ರೆಕ್ಕೆಯ ಬುಡದಿಂದ 50 ಮಿ.ಮೀ. ಆಚೆ, ಬುಡಕ್ಕಿಂತ ಹೆಚ್ಚುಕಡಿಮೆ 4 ಮಿ.ಮೀ. ಎತ್ತರ ಬೇಕು. ಒಂದು ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ. ಬುಡದ ಎತ್ತರಕ್ಕೆ ಸಮವಾಗಿ ಒಂದು ತುಂಡು ಇಟ್ಟು, ಮೇಲೆ ಅವಧಿ ಮುಗಿದ ಐದು ಕಾರ್ಡ್ ಪೇರಿಸಿ. ಎರಡೂ ಕಡೆ ಹೀಗೆ ಮಾಡಿ, ಕೆಳಗಿನ ರೆಕ್ಕೆ ಅಂಟಿಸಿ, ಒಂದು ರಾತ್ರಿ ಮುಟ್ಟಬೇಡಿ.

ಮೇಲಿನ ರೆಕ್ಕೆಗೆ ನಾನು ಎಲ್ಲವನ್ನೂ ತಲೆಕೆಳಗು ಮಾಡುತ್ತೇನೆ. ರೆಕ್ಕೆಯನ್ನು ಗಾಜಿನ ಮೇಲೆ ಬೋರಲು ಹಾಕಿ, ನಡುಭಾಗಕ್ಕೆ ಆಸರೆ ಕೊಟ್ಟು, ವಿಮಾನವನ್ನು ಅದರ ಮೇಲೆ ಇಳಿಸುವುದು. ಆಗ ಸ್ಟ್ರಟ್‌ಗಳು (ಎರಡು ರೆಕ್ಕೆಗಳ ನಡುವಿನ ಕಂಬಿಗಳು) ತಮ್ಮ ಭಾರಕ್ಕೆ ಗುಂಡಿಯಲ್ಲಿ ಕೂರುತ್ತವೆ. ಅಂಟು ಒಣಗುವ ಮುಂಚೆ ಎರಡೂ ತುದಿಗಳಿಂದ ಬಾಲದ ಕೊನೆಗೆ ದಾರ ಹಿಡಿದು ಅಳೆಯಿರಿ. ಎರಡೂ ಒಂದೇ ಉದ್ದ ಬರಬೇಕು.

ಪ್ಲಾಸ್ಟಿಕ್ ಪುಟ್ಟ:
ಒಪ್ಪಿದೆ ಯಜಮಾನರೇ 😀 ರಬ್ಬರ್ ಬ್ಯಾಂಡ್ ಹಾಕಿ ಬಿಗಿದರೆ?

ಹಳೇ ಫಿಟ್ಟರ್:
ಬೇಡ. ತೆಳು ರೆಕ್ಕೆ ಬಾಗಿಕೊಂಡೇ ಅಂಟುತ್ತದೆ, ಬಿಚ್ಚಿದ ಮೇಲೆ ಸ್ಟ್ರಟ್ ಕಿತ್ತು ಬರುತ್ತದೆ. ಇನ್ನೊಂದು ಮರೆತೆ. ಅಂಟು ಹಾಕುವ ಜಾಗದಲ್ಲಿ ಜಿಗ್ ತಾಗಬಾರದು, ಅಲ್ಲಿ ಒಂದು ಕಚ್ಚು ಕತ್ತರಿಸಿ. ತೆಳು ಸಿಮೆಂಟ್ ಸಂದಿ ಸಿಕ್ಕ ಕಡೆ ಹರಿಯುತ್ತದೆ. ಒಂದು ಸಲ ನನ್ನ ವಿಮಾನಕ್ಕೆ ಕನ್ನಡಕದ ಬಟ್ಟೆಯೂ ಅಂಟಿಕೊಂಡು ಬಂದಿತ್ತು.

ಜಕ್ಕೂರು ಬೇಲಿ:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಮೊದಲ ಜಿಗ್‌ನಲ್ಲಿ ತೊಟ್ಟಿಲುಗಳೇ ನಡುಗೆರೆಯಿಂದ ಸರಿದಿದ್ದವು. ಕಿತ್ತು ಮತ್ತೆ ಮಾಡಿದೆ. ಈಗ ಎಡ ಬಲದ ವ್ಯತ್ಯಾಸ ಅರ್ಧ ಮಿ.ಮೀ.ಗೂ ಕಡಿಮೆ. ಹಳೆಯದರ 3 ಮಿ.ಮೀ. ಅಂದರೆ ನಿಜವಾದ ವಿಮಾನದಲ್ಲಿ 21 ಸೆಂ.ಮೀ.ಗೂ ಜಾಸ್ತಿ ಅಂತ ಈಗ ಲೆಕ್ಕ ಹಾಕಿದೆ. ಯಾರು ಹತ್ತುತ್ತಿದ್ದರು ಅದನ್ನ!

ಒಂದು ಕಡೆಯ ಐದನೇ ಕಾರ್ಡ್ ಮಾತ್ರ ಅವಧಿ ಮುಗಿದದ್ದಲ್ಲ, ಹೆಂಡತಿಯದು. ಒಂದು ರಾತ್ರಿ ಮುಟ್ಟಬೇಡಿ ಅಂದಿದ್ದಿರಿ. ಬೆಳಿಗ್ಗೆ ಅವಳು ಹಾಲಿಗೆ ಹೋಗುವಾಗ ಎಳೆದುಕೊಂಡಳು. ಅಷ್ಟು ಹೊತ್ತಿಗೆ ಅಂಟು ಗಟ್ಟಿಯಾಗಿತ್ತು.